ವಾಲ್ವ್ ಕಾಯಿಲೆ ಇರುವವರಿಗೆ ಅರಿವಳಿಕೆ ಕೊಟ್ಟಾಗ ರಿದಮ್ (ಹೃದಯ ಬಡಿತದ ಲಯ) ಕೆಟ್ಟರೆ ಮೊದಲು ಏನು ಮಾಡ್ತೀರಿ?

ಪಿಜಿ ಎರಡನೇ ವರ್ಷ

ಎಲ್ಲರಿಗೂ ನಮಸ್ಕಾರ. ಅರಿವಳಿಕೆ ವಿಭಾಗದಲ್ಲಿ ಪಿಜಿ ಮಾಡ್ತಿದ್ದೀನಿ. ಪುಸ್ತಕದಲ್ಲಿ ಒಂದೊಂದು ವಾಲ್ವ್ ಕಾಯಿಲೆಗೂ ಒಂದೊಂದು ಪಟ್ಟಿ ಇದೆ: ರೇಟ್ (ನಿಮಿಷದ ಬಡಿತ) ಎಷ್ಟಿರಬೇಕು, ಪ್ರೀಲೋಡ್ (ಹೃದಯಕ್ಕೆ ತುಂಬೋ ರಕ್ತ) ಹೇಗಿರಬೇಕು, ಆಫ್ಟರ್‌ಲೋಡ್ (ಹೃದಯ ರಕ್ತ ನೂಕುವಾಗ ಎದುರಿಸೋ ಒತ್ತಡ) ಏರಬೇಕೋ ಇಳಿಯಬೇಕೋ. ಅದೆಲ್ಲ ಬಾಯಿಪಾಠ ಆಗಿದೆ. ಆದರೆ ಆಪರೇಷನ್ ನಡುವೆ ರಿದಮ್ ಕೆಟ್ಟಾಗ ಕೈ ಮೊದಲು ಯಾವುದರ ಕಡೆ ಹೋಗಬೇಕು ಅನ್ನೋದು ಆ ಪಟ್ಟಿಯಿಂದ ತಿಳಿಯೋದಿಲ್ಲ.

ಚರ್ಚೆಗೆಂದು ನಾನೇ ಕಟ್ಟಿದ ಕೇಸ್ ಇದು, ನಿಜವಾದ ರೋಗಿಯದಲ್ಲ. 46 ವರ್ಷದ ಹೆಂಗಸು. ರುಮ್ಯಾಟಿಕ್ ಮೈಟ್ರಲ್ ಸ್ಟೆನೋಸಿಸ್ (ರುಮ್ಯಾಟಿಕ್ ಜ್ವರದಿಂದ, ಎಡ ಹೃತ್ಕರ್ಣ ಮತ್ತು ಹೃತ್ಕುಕ್ಷಿಯ ನಡುವಿನ ವಾಲ್ವ್ ಕಿರಿದಾಗಿರೋದು), ವಾಲ್ವ್ ಏರಿಯಾ 1.2 ಚದರ ಸೆಂ.ಮೀ. ಎಎಫ್ (ಹೃತ್ಕರ್ಣ ಲಯ ತಪ್ಪಿ ಅದುರೋದು) ಇದ್ದು ವರ್ಷಗಳಾಗಿವೆ. ಮೆಟೊಪ್ರೊಲಾಲ್ (ರೇಟ್ ತಗ್ಗಿಸೋ ಬೀಟಾ ಬ್ಲಾಕರ್), ಫ್ಯೂರೊಸೆಮೈಡ್ (ಮೂತ್ರ ಹೆಚ್ಚಿಸೋ ಔಷಧಿ) ತಗೊಳ್ತಿದ್ದಾರೆ. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡೋ ಔಷಧಿ) ಆಪರೇಷನ್ನಿಗೆಂದು ನಿಲ್ಲಿಸಿದೆ. ಪಿತ್ತಕೋಶ ತೆಗೆಯೋ ಲ್ಯಾಪ್ರೊಸ್ಕೋಪಿ. ಉಸಿರಾಟದ ಟ್ಯೂಬ್ ಹಾಕ್ತಿದ್ದ ಹಾಗೆ ರೇಟ್ 90ರಿಂದ 150ಕ್ಕೆ ಹೋಯ್ತು, ಬಿಪಿ 80/50. ಈಗ ಏನು? ಶಾಕ್ ಕೊಡೋದೋ, ಎಸ್ಮೊಲಾಲೋ (ಇದೂ ಒಂದು ಬೀಟಾ ಬ್ಲಾಕರ್), ಬಿಪಿ ಇಲ್ಲದಿರುವಾಗ ಬೀಟಾ ಬ್ಲಾಕರ್ ಕೊಡೋ ಧೈರ್ಯ ಯಾರಿಗಿದೆ?

ಬಾಯ್ಲ್ಸ್ ಕಾಲದವ

ಒಳ್ಳೇ ಪ್ರಶ್ನೆ. ಔಷಧಿಗೆ ಹೋಗೋ ಮುಂಚೆ ಸ್ವಲ್ಪ ಲೆಕ್ಕ ಮಾಡೋಣ.

ರೇಟ್ 60 ಇದ್ದಾಗ ಒಂದು ಬಡಿತಕ್ಕೆ ಒಂದು ಸೆಕೆಂಡ್. ಅದರಲ್ಲಿ ಹೃತ್ಕುಕ್ಷಿ ಕುಗ್ಗೋದಕ್ಕೆ ಸುಮಾರು ಮೂರನೇ ಒಂದು ಭಾಗ, ಉಳಿದದ್ದು ತುಂಬಿಕೊಳ್ಳೋದಕ್ಕೆ. ಅಂದರೆ ನಿಮಿಷದಲ್ಲಿ ಸುಮಾರು 40 ಸೆಕೆಂಡ್ ಮೈಟ್ರಲ್ ವಾಲ್ವ್ ಮೂಲಕ ರಕ್ತ ಇಳಿಯುತ್ತೆ. ರೇಟ್ 150 ಆದಾಗ ಒಂದು ಬಡಿತಕ್ಕೆ ಸಿಗೋದು 0.4 ಸೆಕೆಂಡ್. ಕುಗ್ಗುವ ಹೊತ್ತು ಅಷ್ಟೇನೂ ಕಡಿಮೆಯಾಗಲ್ಲ, ಹೊಡೆತ ಬೀಳೋದೆಲ್ಲ ತುಂಬಿಕೊಳ್ಳುವ ಹೊತ್ತಿಗೆ. ನಿಮಿಷದಲ್ಲಿ ಒಟ್ಟು ಸಿಗೋದು 25ರಿಂದ 28 ಸೆಕೆಂಡ್ ಅಷ್ಟೇ. ಅಷ್ಟೇ ರಕ್ತ ಅದೇ ಕಿರಿದಾದ ಬಾಯಿಂದ ಇಳಿಯಬೇಕಾದರೆ ಹರಿವಿನ ವೇಗ ಒಂದೂವರೆ ಪಟ್ಟು ಆಗಬೇಕು. ಗ್ರೇಡಿಯಂಟ್ (ವಾಲ್ವಿನ ಎರಡು ಬದಿಯ ಒತ್ತಡದ ವ್ಯತ್ಯಾಸ) ಏರೋದು ಹರಿವಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಅದು ಎರಡು ಪಟ್ಟು ದಾಟುತ್ತೆ. ಆ ಒತ್ತಡವನ್ನೆಲ್ಲ ಎಡ ಹೃತ್ಕರ್ಣ ಹೊರಬೇಕು, ಅದರ ಹಿಂದೆ ಶ್ವಾಸಕೋಶ ಹೊರಬೇಕು. ಇನ್ನು ಸ್ವಲ್ಪ ಹೊತ್ತಲ್ಲಿ ಟ್ಯೂಬಿನಲ್ಲಿ ಗುಲಾಬಿ ನೊರೆ ಬಂದರೆ ಆಶ್ಚರ್ಯ ಪಡಬೇಡಿ.

ಈ ಲೆಕ್ಕ ತಲೆಯಲ್ಲಿದ್ದರೆ ನಿಮ್ಮ ಭಯಕ್ಕೆ ಉತ್ತರ ಅಲ್ಲೇ ಇದೆ. ಇಲ್ಲಿ ಬಿಪಿ ಬಿದ್ದಿರೋದು ರೇಟ್ ಏರಿರೋದ್ರಿಂದ. ರೇಟ್ ಇಳಿಸೋದೇ ಬಿಪಿಗೆ ಚಿಕಿತ್ಸೆ.

ನಾನಾದರೆ ಮೊದಲು ನೋಡೋದು ಅರಿವಳಿಕೆ ಸಾಕಷ್ಟು ಆಳವಾಗಿದೆಯಾ ಅಂತ. ಟ್ಯೂಬ್ ಹಾಕುವಾಗ ರೇಟ್ ಹಾರೋದಕ್ಕೆ ಬಹುಪಾಲು ಸಲ ಕಾರಣ ಅದೇ. ಜೊತೆಗೇ ಆಕ್ಸಿಜನ್, ಕಾರ್ಬನ್ ಡೈ ಆಕ್ಸೈಡ್, ಟ್ಯೂಬ್ ಇರೋ ಜಾಗ. ಬಿಪಿ ಹಿಡಿಯೋದಕ್ಕೆ, ರಕ್ತನಾಳ ಬಿಗಿಸೋ ಫಿನೈಲೆಫ್ರಿನ್ ಸಣ್ಣ ಪ್ರಮಾಣದಲ್ಲಿ. ಅದು ರೇಟನ್ನೂ ಸ್ವಲ್ಪ ತಗ್ಗಿಸುತ್ತೆ. ಎಫೆಡ್ರಿನ್ ಬೇಡ, ರೇಟ್ ಇನ್ನೂ ಏರುತ್ತೆ. ಬಿಪಿ ಕಮ್ಮಿ ಅಂತ ಒಂದು ಬಾಟಲ್ ಸಲೈನ್ ಬಿಡೋ ಚಪಲ ಬರುತ್ತೆ, ಅದನ್ನ ಹತ್ತಿಕ್ಕಿ. ಆಮೇಲೆ ಎಸ್ಮೊಲಾಲ್ 10ರಿಂದ 20 ಮಿ.ಗ್ರಾಂನಂತೆ ಸ್ವಲ್ಪ ಸ್ವಲ್ಪವಾಗಿ. ಅದರ ಅರ್ಧಾಯುಷ್ಯ ಸುಮಾರು 9 ನಿಮಿಷ. ಕೊಟ್ಟದ್ದು ಹೆಚ್ಚಾಯ್ತು ಅನ್ನಿಸಿದರೂ ಬೇಗ ಇಳಿಯುತ್ತೆ, ಅದೇ ಅದರ ಸೊಗಸು. ಇಷ್ಟಾದರೂ ಬಿಪಿ ಕುಸೀತಾನೇ ಇದ್ದರೆ ಸಿಂಕ್ರೊನೈಸ್ಡ್ ಶಾಕ್ (ಬಡಿತಕ್ಕೆ ಹೊಂದಿಸಿ ಕೊಡೋ ಶಾಕ್).

ಎಕೋ ಮೇಷ್ಟ್ರು

ಮೇಲಿನದಕ್ಕೆ ನನ್ನ ಕಡೆಯಿಂದ, ಅಂದರೆ ಕಾರ್ಡಿಯಾಲಜಿ ಕಡೆಯಿಂದ, ಒಂದು ತಿದ್ದುಪಡಿ. ಈಕೆಯಲ್ಲಿ ಹೊಸ ರಿದಮ್ ಏನೂ ಬಂದಿಲ್ಲ. ಎಎಫ್ ವರ್ಷಗಳಿಂದಲೂ ಇದೆ. ಟ್ಯೂಬ್ ಹಾಕಿದಾಗಿನ ಉದ್ರೇಕಕ್ಕೆ ಎವಿ ನೋಡ್ (ಹೃತ್ಕರ್ಣದ ಸಂಕೇತವನ್ನು ಹೃತ್ಕುಕ್ಷಿಗೆ ದಾಟಿಸೋ ಗಂಟು) ಹೆಚ್ಚು ಬಡಿತಗಳನ್ನು ಕೆಳಗೆ ಬಿಡ್ತಿದೆ, ಅಷ್ಟೇ. ಹೃತ್ಕರ್ಣ ಊದಿಕೊಂಡು ವರ್ಷಗಳಾದ ಮೇಲೆ ಶಾಕ್ ಕೊಟ್ಟು ಸೈನಸ್‌ಗೆ (ಸಹಜ ಲಯಕ್ಕೆ) ತಂದರೂ ನಿಲ್ಲೋದು ಕಷ್ಟ. ಅದರ ಮೇಲೆ ವಾರ್ಫರಿನ್ ನಿಲ್ಲಿಸಿದೆ. ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತ ಇದ್ದರೆ ಸೈನಸ್ ಬಂದ ಮೇಲೆ ಅದು ಮಿದುಳಿಗೆ ಹಾರಬಹುದು. ಲಯ ತಿದ್ದೋ ಔಷಧಿ ಅಮಿಯೊಡರೋನಿಗೂ ಇದೇ ಮಾತು. ರೇಟ್ ತಗ್ಗಿಸೋಕೆ ಅಂತ ಕೊಟ್ಟರೂ ರಿದಮ್ ಬದಲಾಗಿಬಿಡಬಹುದು. ಪ್ರಾಣಕ್ಕೇ ಬಂದಾಗ ಇದನ್ನೆಲ್ಲ ಯೋಚಿಸ್ತಾ ಕೂರಬೇಡಿ, ಶಾಕ್ ಕೊಡಿ. ಆದರೆ ಹಳೇ ಎಎಫ್‌ನಲ್ಲಿ ಶಾಕಿನ ಮೇಲೆ ತುಂಬಾ ಭರವಸೆ ಇಡಬೇಡಿ.

ರೇಟ್ ತಗ್ಗಿಸೋ ಇನ್ನೊಂದು ಔಷಧಿ ಡಿಗಾಕ್ಸಿನ್ ಬಗ್ಗೆ ಯಾರಾದರೂ ಕೇಳೇ ಕೇಳ್ತೀರಿ. ಅದು ಕೆಲಸ ಮಾಡೋದು ಮುಖ್ಯವಾಗಿ ಹೃದಯವನ್ನು ನಿಧಾನಿಸೋ ವೇಗಸ್ ನರದ ಮೂಲಕ. ಮಲಗಿರೋ ರೋಗಿಯಲ್ಲಿ ಚೆನ್ನಾಗಿ ರೇಟ್ ಹಿಡಿದಿರುತ್ತೆ. ಲ್ಯಾರಿಂಗೊಸ್ಕೋಪ್ (ಟ್ಯೂಬ್ ಹಾಕೋಕೆ ಗಂಟಲು ನೋಡೋ ಉಪಕರಣ) ಬಾಯಿಗೆ ಹೋದ ಕ್ಷಣ ಅಡ್ರಿನಲಿನ್ ಮುಂದೆ ಸೋಲುತ್ತೆ. ವಾರ್ಡಿನಲ್ಲಿ ಬರೆದಿಟ್ಟ 78 ಅನ್ನೋ ರೇಟ್ ನಂಬಿಕೊಂಡು ಓಟಿಗೆ ಬರಬೇಡಿ. ನಾಲ್ಕು ಹೆಜ್ಜೆ ನಡೆಸಿ ನೋಡಿ, ಆಗ ಎಷ್ಟಕ್ಕೆ ಏರುತ್ತೆ ಅನ್ನೋದು ನಿಮಗೆ ಬೇಕಾದ ಸಂಖ್ಯೆ.

ಪಿಜಿ ಎರಡನೇ ವರ್ಷ

ಸರ್, ಹಾಗಿದ್ದರೆ ಬೀಟಾ ಬ್ಲಾಕರ್ ತಗೊಳ್ಳದೇ ಇರೋ ರೋಗಿಗೆ ಆಪರೇಷನ್ ದಿನ ಬೆಳಿಗ್ಗೆ ಒಂದು ಡೋಸ್ ಕೊಟ್ಟುಬಿಟ್ಟರೆ?

ಎಕೋ ಮೇಷ್ಟ್ರು

ಬೇಡ. 2008ರಲ್ಲಿ ಬಂದ ಪೊಯಿಸ್ ಅಧ್ಯಯನ ಓದಿ. ಹೃದಯದ್ದಲ್ಲದ ಆಪರೇಷನ್ನಿಗೆ ಬಂದವರಿಗೆ ಅದೇ ದಿನ ದೊಡ್ಡ ಪ್ರಮಾಣದ ಮೆಟೊಪ್ರೊಲಾಲ್ ಶುರು ಮಾಡಿದ್ದರು. ಹೃದಯಾಘಾತ ಕಡಿಮೆಯಾಯ್ತು, ಆದರೆ ಸ್ಟ್ರೋಕ್ ಮತ್ತು ಸಾವು ಹೆಚ್ಚಾದವು. ಅದು ವಾಲ್ವ್ ರೋಗಿಗಳಿಗೆಂದೇ ಮಾಡಿದ ಅಧ್ಯಯನ ಅಲ್ಲ, ಒಪ್ತೀನಿ. ಆದರೂ ನಿಯಮ ಸರಳ: ಮೊದಲಿನಿಂದ ತಗೊಳ್ತಿರೋರು ಆ ದಿನ ಬೆಳಿಗ್ಗೆಯೂ ತಗೊಳ್ಳಲಿ, ಹೊಸದಾಗಿ ಶುರು ಮಾಡೋದಿದ್ದರೆ ದಿನಗಳ ಮುಂಚೆ, ಸಣ್ಣ ಪ್ರಮಾಣದಿಂದ.

ಓಟಿ ಟೆಕ್

ಡಾಕ್ಟ್ರುಗಳೆಲ್ಲ ಔಷಧಿ ಮಾತಾಡ್ತಿದ್ದೀರಿ, ಯಂತ್ರದ ಬಗ್ಗೆ ನನ್ನದೂ ಸ್ವಲ್ಪ ಕೇಳಿ.

ಡಿಫಿಬ್ (ಶಾಕ್ ಕೊಡೋ ಯಂತ್ರ) ಪ್ಯಾಡ್ ಅಂಟಿಸೋದು ರೋಗಿ ಎಚ್ಚರ ಇರುವಾಗಲೇ. ಬಟ್ಟೆ ಹೊದಿಸಿದ ಮೇಲೆ, ಸರ್ಜನ್ ಕೈ ಹೊಟ್ಟೆಯೊಳಗಿರುವಾಗ, ಪ್ಯಾಡ್ ಹುಡುಕಿ ಎದೆ ಒರೆಸಿ ಅಂಟಿಸೋದು ಆಗದ ಮಾತು. ಅದೇ ಪ್ಯಾಡ್‌ನಿಂದ ಪೇಸಿಂಗ್ (ವಿದ್ಯುತ್ತಿನಿಂದ ಹೃದಯ ಬಡಿಸೋದು) ಕೂಡ ಮಾಡಬಹುದು, ರೇಟ್ ನಿಂತೇಹೋದಾಗ ಅದು ಬೇಕು.

ಸಿಂಕ್ ಬಟನ್ ಒತ್ತಿದ ಮೇಲೆ ಇಸಿಜಿಯ ಪ್ರತಿ ಆರ್ ಅಲೆಯ (ಹೃತ್ಕುಕ್ಷಿ ಬಡಿತದ ಎತ್ತರದ ಅಲೆ) ಮೇಲೂ ಗುರುತು ಬರ್ತಿದೆಯಾ ನೋಡಿ. ಬರದಿದ್ದರೆ ಲೀಡ್ ಬದಲಿಸಿ. ಎಷ್ಟೋ ಯಂತ್ರಗಳು ಒಂದು ಶಾಕ್ ಆದ ಮೇಲೆ ತಾವಾಗಿಯೇ ಸಿಂಕ್ ಬಿಟ್ಟುಬಿಡುತ್ತವೆ. ಎರಡನೇ ಶಾಕಿಗೆ ಮತ್ತೆ ಒತ್ತಬೇಕು. ಒತ್ತದೇ ಕೊಟ್ಟು ಶಾಕ್ ಟಿ ಅಲೆ (ಹೃತ್ಕುಕ್ಷಿ ಚೇತರಿಸಿಕೊಳ್ಳೋ ಹೊತ್ತಿನ ಅಲೆ) ಮೇಲೆ ಬಿದ್ದರೆ, ಎಎಫ್ ಇದ್ದದ್ದು ವಿಎಫ್ (ಹೃತ್ಕುಕ್ಷಿಯೇ ಅದುರಿ ರಕ್ತ ಹರಿಯದ ಸ್ಥಿತಿ) ಆಗಬಹುದು. ಎಎಫ್‌ಗೆ ಬೈಫೇಸಿಕ್ ಯಂತ್ರದಲ್ಲಿ ಹಿಂದೆ 120ರಿಂದ 200 ಜೌಲ್ ಅಂತಿದ್ದರು, ಈಗ ಮೊದಲ ಶಾಕಿಗೇ ಕನಿಷ್ಠ 200.

ಇನ್ನೊಂದು. ಕಾಟರಿ (ವಿದ್ಯುತ್ತಿನಿಂದ ಸುಟ್ಟು ಕತ್ತರಿಸೋ ಉಪಕರಣ) ಆನ್ ಆದಾಗ ಇಸಿಜಿ ಗೆರೆ ವಿಎಫ್ ಥರ ಕುಣಿಯುತ್ತೆ. ಗಾಬರಿ ಬೀಳೋ ಮುಂಚೆ ಸ್ಯಾಚುರೇಷನ್ ಅಲೆ, ಆರ್ಟ್‌ಲೈನ್ (ಅಪಧಮನಿಯೊಳಗಿಂದ ಬಿಪಿ ಅಳೆಯೋ ನಳಿಗೆ) ಅಲೆ ನೋಡಿ. ಅವೆರಡೂ ಚೆನ್ನಾಗಿ ಬರ್ತಿದ್ದರೆ ಹೃದಯ ಬಡೀತಿದೆ ಅಂತ.

ಪಿಜಿ ಎರಡನೇ ವರ್ಷ

ಧನ್ಯವಾದ ಸರ್, ಸಿಂಕ್ ವಿಷಯ ಯಾವ ಪುಸ್ತಕವೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ಅಯೋರ್ಟಿಕ್ ಸ್ಟೆನೋಸಿಸ್‌ಗೂ (ಎಡ ಹೃತ್ಕುಕ್ಷಿಯಿಂದ ರಕ್ತ ಹೊರಗೆ ಹೋಗೋ ವಾಲ್ವ್ ಕಿರಿದಾಗಿರೋದು) ಇದೇ ನಡೆಯಾ? ಅದೂ ಕಿರಿದಾದ ವಾಲ್ವೇ ಅಲ್ವಾ?

ಬಾಯ್ಲ್ಸ್ ಕಾಲದವ

ರೇಟ್ ಏರಬಾರದು ಅನ್ನೋದು ಎರಡಕ್ಕೂ ಒಂದೇ. ಆದರೆ ಎಎಫ್ ಬಂದಾಗಿನ ತುರ್ತು ಬೇರೆ.

ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲಿ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿ ಬಿಗಿದುಕೊಂಡಿರುತ್ತೆ. ತಾನಾಗಿ ಸಡಿಲಿಸಿ ತುಂಬಿಕೊಳ್ಳೋದಕ್ಕೆ ಅದಕ್ಕೆ ಬರಲ್ಲ. ಆರೋಗ್ಯವಂತರಲ್ಲಿ ಹೃತ್ಕರ್ಣದ ಕೊನೇ ನೂಕಿನಿಂದ ತುಂಬೋದು ಶೇ. 20ರಷ್ಟು, ಇವರಲ್ಲಿ ಅದು ಶೇ. 40ರವರೆಗೂ ಹೋಗಬಹುದು. ಎಎಫ್ ಹೊಸದಾಗಿ ಬಂತು ಅಂದರೆ ಆ ನೂಕು ಒಂದೇ ಏಟಿಗೆ ಹೋಯ್ತು. ಬಿಪಿ ಬಿತ್ತು, ದಪ್ಪ ಸ್ನಾಯುವಿಗೆ ಕೊರೊನರಿ ರಕ್ತ ಸಾಲದಾಯ್ತು, ಸ್ನಾಯು ಸೋತಿತು, ಬಿಪಿ ಇನ್ನಷ್ಟು ಬಿತ್ತು. ಈ ಸುತ್ತು ಶುರುವಾದರೆ ನಿಲ್ಲಿಸೋದು ಕಷ್ಟ. ಎದೆ ಒತ್ತಿ ಸಿಪಿಆರ್ ಮಾಡಿದರೂ ಗಟ್ಟಿಯಾದ ವಾಲ್ವ್ ದಾಟಿ ಮುಂದೆ ಹೋಗೋ ರಕ್ತ ಬಹಳ ಕಡಿಮೆ. ಹಾಗಾಗಿ ಇಲ್ಲಿ ಹೊಸ ಎಎಫ್ ಬಂದು ಬಿಪಿ ಬಿದ್ದರೆ ಔಷಧಿ ಹುಡುಕಬೇಡಿ, ಶಾಕ್ ಮೊದಲು. ಮೈಟ್ರಲ್ ರೋಗಿಯಲ್ಲಿ ಎಕೋ ಮೇಷ್ಟ್ರು ಹೇಳಿದ ಅನುಮಾನ ಇಲ್ಲಿ ಅಡ್ಡ ಬರಬಾರದು.

ಇದಕ್ಕಿಂತ ಮೋಸದ ರಿದಮ್ ಒಂದಿದೆ, ಪಿಜಿಗಳು ಅದನ್ನು ಗಮನಿಸೋದೇ ಇಲ್ಲ. ಜಂಕ್ಷನಲ್ ರಿದಮ್, ಅಂದರೆ ಬಡಿತ ಮೇಲಿನಿಂದ ಹುಟ್ಟದೆ ಎವಿ ನೋಡ್ ಬಳಿಯಿಂದ ಹುಟ್ಟೋದು. ಸೆವೊಫ್ಲೂರೇನ್, ಐಸೊಫ್ಲೂರೇನ್ ಥರದ ಅರಿವಳಿಕೆ ಆವಿ ಕೊಡುವಾಗ ಸಾಮಾನ್ಯವಾಗಿ ಬರುವಂಥದ್ದೇ. ಮಾನಿಟರ್ ರೇಟ್ 58, 62 ಅಂತ ತೋರಿಸ್ತಿರುತ್ತೆ, ಕ್ಯೂಆರ್‌ಎಸ್ (ಹೃತ್ಕುಕ್ಷಿ ಕುಗ್ಗುವಾಗಿನ ಅಲೆ) ಕಿರಿದಾಗಿ ನೀಟಾಗಿ ಬರ್ತಿರುತ್ತೆ, ಅಲಾರಂ ಹೊಡೆಯಲ್ಲ. ಆದರೆ ಬಿಪಿ 130ರಿಂದ 85ಕ್ಕೆ ಬಂದಿರುತ್ತೆ. ಎಲ್ಲರೂ ರಕ್ತಸ್ರಾವ ಆಯ್ತಾ, ಆಳ ಹೆಚ್ಚಾಯ್ತಾ ಅಂತ ಹುಡುಕ್ತಾರೆ. ಇಸಿಜಿಯ ಲೀಡ್ II ನೋಡಿದರೆ ಪಿ ಅಲೆಯೇ (ಹೃತ್ಕರ್ಣದ ಅಲೆ) ಇರಲ್ಲ, ಇಲ್ಲಾ ಕ್ಯೂಆರ್‌ಎಸ್ ಒಳಗೆ ಹೊಕ್ಕಿರುತ್ತೆ. ಹೃತ್ಕರ್ಣ ಕುಗ್ಗುವ ಹೊತ್ತಿಗೆ ಮೈಟ್ರಲ್ ವಾಲ್ವ್ ಮುಚ್ಚಿರುತ್ತೆ. ನೂಕು ವ್ಯರ್ಥ.

ಆವಿ ಕಡಿಮೆ ಮಾಡಿ, ಬಿಪಿ ಫಿನೈಲೆಫ್ರಿನ್‌ನಿಂದ ಹಿಡಿದಿಡಿ, ರೇಟ್ ಏರಿಸೋ ಗ್ಲೈಕೊಪೈರೊಲೇಟ್ ಬಹಳ ಸಣ್ಣ ಪ್ರಮಾಣದಲ್ಲಿ ಕೊಟ್ಟು ನೋಡಿ. ಅಟ್ರೊಪಿನ್ ಒಂದು ಇಡೀ ಆಂಪೂಲ್ ತಳ್ಳಿ ರೇಟನ್ನು 120ಕ್ಕೆ ಏರಿಸಿದರೆ ಒಂದು ಗುಂಡಿಯಿಂದ ಎದ್ದು ಇನ್ನೊಂದಕ್ಕೆ ಬಿದ್ದ ಹಾಗೆ. ಒಂದು ಮಾನಿಟರ್ ಮೇಲೆ ಎರಡೇ ಲೀಡ್ ಇಡೋದಾದರೆ ಪಿ ಅಲೆಗೆ ಲೀಡ್ II, ಇಸ್ಕೀಮಿಯಾಗೆ (ಹೃದಯ ಸ್ನಾಯುವಿಗೆ ರಕ್ತ ಸಾಲದಿರೋದು) ವಿ5.

ಸ್ಪೈನಲ್ ಪ್ರಿಯ

ಅಯೋರ್ಟಿಕ್ ಸ್ಟೆನೋಸಿಸ್ ಬಂತು, ಇನ್ನೇನು ಯಾರಾದರೂ "ಸ್ಪೈನಲ್ (ಬೆನ್ನಿಗೆ ಕೊಡೋ ಅರಿವಳಿಕೆ) ಕೊಡಲೇಬಾರದು" ಅಂತಾರೆ, ಕಾಯ್ತಿದ್ದೆ. ಯಾರೂ ಹೇಳದ ಕಾರಣ ನಾನೇ ಎತ್ತುತೀನಿ. ಟ್ಯೂಬ್ ಹಾಕುವಾಗಿನ ಉದ್ರೇಕ, ತೆಗೆಯುವಾಗಿನ ಕೆಮ್ಮು, ಆವಿಯಿಂದ ಬರೋ ಜಂಕ್ಷನಲ್, ಸ್ನಾಯು ಸಡಿಲಿಕೆ ತೆಗೆಯೋ ರಿವರ್ಸಲ್ ಔಷಧಿ, ಇಷ್ಟೂ ರಿದಮ್ ಕೆಡಿಸುವಂಥವೇ. ಕಾಲಿನ ಆಪರೇಷನ್ನಿಗೆ ಇವೆಲ್ಲ ಯಾಕೆ?

ಬಾಯ್ಲ್ಸ್ ಕಾಲದವ

ಹೇಳ್ತೀನಿ ತಗೊಳ್ಳಿ. ಒಂದೇ ಸಲಕ್ಕೆ ಪೂರ್ತಿ ಡೋಸ್ ಸ್ಪೈನಲ್, ತೀವ್ರ ಅಯೋರ್ಟಿಕ್ ಸ್ಟೆನೋಸಿಸ್‌ಗೆ, ನನ್ನ ಓಟಿಯಲ್ಲಿ ಬೇಡ. ರಕ್ತನಾಳ ಹಿಗ್ಗಿ ಬಿಪಿ ಇಳಿಯೋದು ನಿಮಿಷಗಳಲ್ಲಿ. ಬ್ಲಾಕ್ (ಮರಗಟ್ಟಿದ ಭಾಗ) ಟಿ4, ಅಂದರೆ ಎದೆಯ ಮಧ್ಯದ ಮಟ್ಟ, ದಾಟಿದರೆ ಹೃದಯಕ್ಕೆ ವೇಗ ಕೊಡೋ ನರಗಳೂ ಮಲಗ್ತವೆ. ಬಿಪಿ ಇಲ್ಲ, ರೇಟ್ 38. ಆ ಹೃದಯ ಒಂದು ಬಡಿತಕ್ಕೆ ಹೊರಹಾಕೋ ರಕ್ತವನ್ನು ಹೆಚ್ಚಿಸೋಕಾಗಲ್ಲ, ರೇಟ್ ಇಳಿದಷ್ಟೂ ಔಟ್‌ಪುಟ್ ಇಳಿಯುತ್ತೆ.

ಸ್ಪೈನಲ್ ಪ್ರಿಯ

ಪೂರ್ತಿ ಡೋಸ್ ಅಂತ ನಾನೆಲ್ಲಿ ಹೇಳಿದೆ? ಆರ್ಟ್‌ಲೈನ್ ಮೊದಲು, ಬಿಪಿ ಏರಿಸೋ ನಾರ್‌ಅಡ್ರಿನಲಿನ್ ಬೆನ್ನಿಗೆ ಸೂಜಿ ಚುಚ್ಚೋ ಮುಂಚೆಯೇ ಓಡ್ತಿರಲಿ, ಎಪಿಡ್ಯೂರಲ್ ಇಲ್ಲಾ ಸ್ಪೈನಲ್ ಕ್ಯಾಥಿಟರ್ (ಬೆನ್ನೊಳಗಿನ ತೆಳು ನಳಿಗೆ) ಹಾಕಿ ಹನಿಹನಿಯಾಗಿ ಏರಿಸೋದು. ಸಾಧ್ಯ ಆದರೆ ನರದ ಬ್ಲಾಕ್, ಅದರಲ್ಲಿ ಬಿಪಿ ಕಥೆಯೇ ಇಲ್ಲ. ಹಾಗೇ ಲೋಕಲ್ ಅರಿವಳಿಕೆ ಔಷಧಿ ರಕ್ತಕ್ಕೆ ಹೋದರೆ ಅದೇ ಒಂದು ರಿದಮ್ ಸಮಸ್ಯೆ, ಬುಪಿವಕೇನ್‌ನದ್ದು ವಿಶೇಷವಾಗಿ ಕೆಟ್ಟದ್ದು. ಅದಕ್ಕೆ ಮದ್ದಾದ ಲಿಪಿಡ್ (ಕೊಬ್ಬಿನ ದ್ರಾವಣ) 20% ಕೈಗೆಟುಕುವಲ್ಲಿ ಇರಬೇಕು, ಮೊದಲ ಡೋಸ್ ಕೆ.ಜಿ.ಗೆ 1.5 ಮಿ.ಲೀ.

ಬಾಯ್ಲ್ಸ್ ಕಾಲದವ

ಹನಿಹನಿಯಾಗಿ ಅಂದರೆ ನನ್ನ ತಕರಾರಿಲ್ಲ. ಆದರೆ ಅಷ್ಟು ತಾಳ್ಮೆ ಎಲ್ಲರಿಗೂ ಇರಲ್ಲ, ಸರ್ಜನ್‌ಗಂತೂ ಇಲ್ಲವೇ ಇಲ್ಲ.

ಎಚ್ಚರಮ್ಮ

ಎಲ್ಲರೂ ಕಿರಿದಾದ ವಾಲ್ವ್ ಹಿಡಿದುಕೊಂಡು ಕೂತಿದ್ದೀರಿ, ಸೋರುವ ವಾಲ್ವಿಗೂ ಸ್ವಲ್ಪ ಜಾಗ ಕೊಡಿ. ಅಲ್ಲಿ ಎಲ್ಲ ಉಲ್ಟಾ, ಮತ್ತು ಮೇಲಿನ ಪೋಸ್ಟ್‌ಗಳನ್ನೇ ಓದಿ ಅಭ್ಯಾಸ ಆದವರು ಎಡವೋದು ಅಲ್ಲೇ.

ಅಯೋರ್ಟಿಕ್ ರಿಗರ್ಜಿಟೇಷನ್ ತಗೊಳ್ಳಿ. ರಕ್ತ ಹಿಂದಕ್ಕೆ ಸೋರೋದು ಹೃದಯ ಸಡಿಲವಾಗಿರುವ ಹೊತ್ತಲ್ಲಿ. ರೇಟ್ 50 ಅಂದರೆ ಆ ಹೊತ್ತು ಉದ್ದ, ಸೋರಿಕೆ ಜಾಸ್ತಿ, ಹೃತ್ಕುಕ್ಷಿ ಉಬ್ಬುತ್ತೆ, ಡಯಸ್ಟೊಲಿಕ್ ಬಿಪಿ ನೆಲ ಕಚ್ಚುತ್ತೆ. ಇವರಿಗೆ 80ರಿಂದ 100ರ ರೇಟ್ ಒಳ್ಳೇದು. ಫೆಂಟನಿಲ್ ಧಾರಾಳವಾಗಿ, ಡೆಕ್ಸ್‌ಮೆಡಿಟೊಮಿಡಿನ್ ಇನ್‌ಫ್ಯೂಷನ್, ಮೇಲೊಂದು ಬೀಟಾ ಬ್ಲಾಕರ್ ಅಂತ ಪೇರಿಸಿದರೆ ರೇಟ್ 45. ಬಿಪಿ ಕಮ್ಮಿ ಅಂತ ಫಿನೈಲೆಫ್ರಿನ್ ಕೊಟ್ಟರೆ ಇನ್ನೂ ಅನ್ಯಾಯ. ರೇಟೂ ಇಳಿಯುತ್ತೆ, ಎದುರಿನ ಒತ್ತಡವೂ ಏರುತ್ತೆ. ಇಲ್ಲಿ ಎಫೆಡ್ರಿನ್ನೇ ಸರಿ. ಬಾಯ್ಲ್ಸ್ ಸರ್ ಮೈಟ್ರಲ್ ಸ್ಟೆನೋಸಿಸ್‌ಗೆ ಬೇಡ ಅಂದದ್ದೇ ಇಲ್ಲಿ ಬೇಕು.

ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಗೆ ಗ್ಯಾಸ್ ತುಂಬುವಾಗ ವೇಗಸ್ ಕೆರಳಿ ರೇಟ್ ಧಡಕ್ಕನೆ ಬೀಳಬಹುದು, ನಿಲ್ಲಲೂಬಹುದು. ಮೊದಲ ಮಾತು ಸರ್ಜನ್‌ಗೆ: "ಗ್ಯಾಸ್ ಬಿಡಿ." ಔಷಧಿ ಆಮೇಲೆ. ನಿಧಾನವಾಗಿ ತುಂಬಿಸಿ, ಒತ್ತಡವನ್ನು 10ರಿಂದ 12 ಎಂಎಂಎಚ್‌ಜಿ ಒಳಗಿಡಿ ಅಂತ ಮುಂಚೆಯೇ ಹೇಳಿಕೊಂಡರೆ ಇದು ಬರೋ ಸಾಧ್ಯತೆ ಕಡಿಮೆ.

ಪೊಟ್ಯಾಸಿಯಂ ಯಾರೂ ಎತ್ತಲಿಲ್ಲ! ಪಿಜಿ ಅವರ ಕೇಸ್‌ನಲ್ಲಿ ಫ್ಯೂರೊಸೆಮೈಡ್ ಇದೆ. ಪೊಟ್ಯಾಸಿಯಂ, ಮೆಗ್ನೀಸಿಯಂ ಎರಡೂ ಮೂತ್ರದಲ್ಲಿ ಹೋಗಿರುತ್ತವೆ. ಇವು ಕಮ್ಮಿಯಾದರೆ ರಿದಮ್ ಕೆಡುತ್ತೆ; ಪೊಟ್ಯಾಸಿಯಂ ಲೀಟರಿಗೆ 4 ಮಿಲಿಮೋಲ್ ಮೇಲೆ ಇರಲಿ. ವೆಂಟಿಲೇಟರ್‌ನಲ್ಲಿ ಜಾಸ್ತಿ ಉಸಿರಾಡಿಸಿ ಕಾರ್ಬನ್ ಡೈ ಆಕ್ಸೈಡ್ ಇಳಿಸಿದರೆ ಪೊಟ್ಯಾಸಿಯಂ ಜೀವಕೋಶದೊಳಗೆ ಸರಿದು ರಕ್ತದಲ್ಲಿ ಇನ್ನೂ ಕಡಿಮೆಯಾಗುತ್ತೆ. ಹಾಗಂತ ಕಾರ್ಬನ್ ಡೈ ಆಕ್ಸೈಡ್ ಏರಲು ಬಿಟ್ಟರೆ ಶ್ವಾಸಕೋಶದ ರಕ್ತದೊತ್ತಡ ಏರಿ ಬಲ ಹೃದಯ ಸೋಲುತ್ತೆ.

ಎಕೋ ಮೇಷ್ಟ್ರು

ಮೇಡಂ ಹೇಳಿದ್ದಕ್ಕೆ ಸಣ್ಣ ಸೇರ್ಪಡೆ. ಅಯೋರ್ಟಿಕ್ ವಾಲ್ವಿನ ಬುಡದಲ್ಲೇ ಹಿಸ್ ಬಂಡಲ್ (ಹೃತ್ಕುಕ್ಷಿಗೆ ವಿದ್ಯುತ್ ಸಂಕೇತ ಒಯ್ಯೋ ನಾರು) ಹಾದುಹೋಗುತ್ತೆ. ವಾಲ್ವಿನ ಸುಣ್ಣ ಅಲ್ಲಿಗೆ ಹರಡಿದ್ದರೆ, ಅಥವಾ ವಾಲ್ವ್ ಬದಲಾಯಿಸಿದ್ದರೆ, ಕಾಲಿನಿಂದ ತೂರಿಸಿ ಕೂರಿಸುವ ಟಾವಿ ಆಗಿದ್ದರೂ ಸೇರಿ, ಆ ಸಂಕೇತದ ದಾರಿಯಲ್ಲಿ ಬ್ಲಾಕ್ (ತಡೆ) ಇದೆಯಾ ಅಂತ ಇಸಿಜಿ ನೋಡಿ. ಎಲ್‌ಬಿಬಿಬಿ (ಆ ದಾರಿಯ ಎಡ ಕವಲಿನ ತಡೆ) ಇರುವವರಿಗೆ ಪಲ್ಮನರಿ ಕ್ಯಾಥಿಟರ್ (ಬಲ ಹೃದಯದ ಮೂಲಕ ಶ್ವಾಸಕೋಶದ ರಕ್ತನಾಳಕ್ಕೆ ಹೋಗೋ ನಳಿಗೆ) ಹಾಕುವಾಗ ಬಲ ಬಂಡಲ್‌ಗೆ ತಗುಲಿದರೆ ಪೂರ್ತಿ ಹಾರ್ಟ್ ಬ್ಲಾಕ್. ಪೇಸಿಂಗ್ ಪ್ಯಾಡ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬೇಡಿ.

ಮೈಟ್ರಲ್ ಪ್ರೊಲ್ಯಾಪ್ಸ್ (ಮೈಟ್ರಲ್ ವಾಲ್ವ್ ಹಿಂದಕ್ಕೆ ಜೋತು ಬೀಳೋದು) ಇರೋ ಬಹುಪಾಲು ಜನಕ್ಕೆ ಏನೂ ಆಗಲ್ಲ. ಆದರೆ ಪ್ರಜ್ಞೆ ತಪ್ಪಿದ ಇತಿಹಾಸ, ಇಸಿಜಿಯಲ್ಲಿ ಕೆಳಗಿನ ಲೀಡ್‌ಗಳಲ್ಲಿ ಟಿ ಅಲೆ ತಲೆಕೆಳಗು, ಹೆಚ್ಚು ವೆಂಟ್ರಿಕ್ಯುಲರ್ ಎಕ್ಟೋಪಿಕ್ (ಹೃತ್ಕುಕ್ಷಿಯಿಂದ ಹೊತ್ತಿಗೆ ಮುಂಚೆ ಹುಟ್ಟೋ ಬಡಿತ) ಇದ್ದರೆ ಹಗುರವಾಗಿ ತಗೋಬೇಡಿ. ನೀರಿನಂಶ ಕಡಿಮೆಯಾದರೆ ಹೃತ್ಕುಕ್ಷಿ ಚಿಕ್ಕದಾಗಿ ವಾಲ್ವ್ ಇನ್ನಷ್ಟು ಜೋತು ಬೀಳುತ್ತೆ. ಇಸಿಜಿಯಲ್ಲಿ ಕ್ಯೂಟಿ ಅವಧಿ ಉದ್ದ ಇದ್ದರೆ, ವಾಂತಿ ತಡೆಯೋಕೆ ಆಂಡನ್‌ಸೆಟ್ರಾನ್ ಬದಲು ಡೆಕ್ಸಾಮೆಥಾಸೋನ್ ನೋಡಿ.

ಟಿಕ್ ಟಿಕ್ ವಾಲ್ವ್

ಡಾಕ್ಟ್ರುಗಳ ಮಾತಿನ ನಡುವೆ ಬಂದದ್ದಕ್ಕೆ ಬೇಜಾರು ಮಾಡ್ಕೋಬೇಡಿ. ನಾನು ರೋಗಿ. ಮೈಟ್ರಲ್ ಜಾಗದಲ್ಲಿ ಲೋಹದ ವಾಲ್ವ್ ಇದೆ, ವಾರ್ಫರಿನ್ ತಗೊಳ್ತೀನಿ, ಆಗಾಗ ಎದೆಬಡಿತ ಏರುಪೇರಾಗುತ್ತೆ. ಈಗ ಹರ್ನಿಯಾ ಆಪರೇಷನ್ ಆಗಬೇಕು. ಮೇಲಿನದೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ನಾನೇನು ಮಾಡಬಹುದು? ವಾರ್ಫರಿನ್ ಬದಲು ಹೊಸ ಮಾತ್ರೆ ಬಂದಿದೆಯಂತೆ, ಅದಕ್ಕೆ ಬದಲಾಯಿಸಿದರೆ ಸುಲಭ ಅಂತ ಒಬ್ಬರು ಹೇಳಿದರು.

ನಿರ್ವಾಹಕರು

ಇಲ್ಲಿ ವೈಯಕ್ತಿಕ ಚಿಕಿತ್ಸೆ ಸೂಚಿಸುವಂತಿಲ್ಲ. ಉತ್ತರಿಸುವವರು ಸಾಮಾನ್ಯ ಮಾಹಿತಿಗೆ ಮಾತ್ರ ಸೀಮಿತವಾಗಿರಿ.

ಎಚ್ಚರಮ್ಮ

ನೀವು ಬಂದದ್ದು ಒಳ್ಳೇದೇ ಆಯ್ತು. ಮೊದಲನೇದು, ಮೇಲಿರೋದೆಲ್ಲ ಕೆಟ್ಟದ್ದು ಆಗೇ ಆಗುತ್ತೆ ಅಂತ ಬರೆದದ್ದಲ್ಲ. ಮುಂಚೆಯೇ ಯೋಚಿಸಿಟ್ಟರೆ ಆಗದ ಹಾಗೆ ನೋಡ್ಕೋಬಹುದು, ಅದಕ್ಕೆ ಈ ಚರ್ಚೆ. ಲೋಹದ ವಾಲ್ವ್ ಚೆನ್ನಾಗಿ ಕೆಲಸ ಮಾಡ್ತಿದ್ದರೆ ಕಿರಿದಾದ ವಾಲ್ವಿನ ಆ ಲೆಕ್ಕಾಚಾರ ನಿಮಗೆ ಅಷ್ಟಾಗಿ ಅನ್ವಯಿಸಲ್ಲ. ನಿಮ್ಮಲ್ಲಿ ಮುಖ್ಯ ಪ್ರಶ್ನೆ ಹೆಪ್ಪುಗಟ್ಟೋದರದ್ದು.

ವಾರ್ಫರಿನ್ ನೀವಾಗಿ ನಿಲ್ಲಿಸಬೇಡಿ, ಯಾರದೋ ಮಾತು ಕೇಳಿ ಬದಲಾಯಿಸಲೂಬೇಡಿ. ಹೊಸ ಮಾತ್ರೆಗಳಲ್ಲೊಂದಾದ ಡಬಿಗಟ್ರಾನ್ ಅನ್ನು ಲೋಹದ ವಾಲ್ವ್ ಇರುವವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ಜಾಸ್ತಿ, ರಕ್ತಸ್ರಾವವೂ ಜಾಸ್ತಿ ಆಗಿ ಅಧ್ಯಯನವನ್ನೇ ಅರ್ಧಕ್ಕೆ ನಿಲ್ಲಿಸಬೇಕಾಯ್ತು; 2013ರಲ್ಲಿ ಪ್ರಕಟವಾಯ್ತು. ಸಾಮಾನ್ಯವಾಗಿ ವಾರ್ಫರಿನ್ ಆಪರೇಷನ್ನಿಗೆ ಸುಮಾರು 5 ದಿನ ಮುಂಚೆ ನಿಲ್ಲಿಸಿ, ಮೈಟ್ರಲ್ ಜಾಗದ ಲೋಹದ ವಾಲ್ವ್ ಇದ್ದರೆ ನಡುವಿನ ದಿನಗಳಿಗೆ ಹೆಪಾರಿನ್ ಕೊಡೋದರ ಬಗ್ಗೆ ಯೋಚಿಸ್ತಾರೆ. ತಾರೀಖು ನಿಮ್ಮ ಹೃದ್ರೋಗ ತಜ್ಞರು ಬರೆದುಕೊಡಲಿ, ಬಾಯಿಮಾತಲ್ಲಿ ಬೇಡ.

ಅರಿವಳಿಕೆ ಡಾಕ್ಟರನ್ನು ಆಪರೇಷನ್ ಬೆಳಿಗ್ಗೆ ಮೊದಲ ಸಲ ನೋಡೋ ಹಾಗಾಗಬಾರದು. ಮುಂಚೆಯೇ ಭೇಟಿ ಕೇಳಿ. ವಾಲ್ವ್ ಕಾರ್ಡ್, ಇತ್ತೀಚಿನ ಎಕೋ, ಹಳೇ ಇಸಿಜಿ ಒಂದು, ಮಾತ್ರೆಗಳ ಪಟ್ಟಿ ಇಟ್ಟುಕೊಂಡಿರಿ. ಬಡಿತ ಏರುಪೇರಾದಾಗ ಎಷ್ಟು ಹೊತ್ತು ಇರುತ್ತೆ, ತಲೆ ಸುತ್ತುತ್ತಾ, ಮಲಗಿದರೆ ಉಸಿರು ಕಟ್ಟುತ್ತಾ, ಇಷ್ಟು ಹೇಳಿದರೆ ಅವರಿಗೆ ಬಹಳ ಸಹಾಯ. ವಾಲ್ವಿನ ಟಿಕ್ ಟಿಕ್ ಸದ್ದು ಈಚೆಗೆ ಮಂದವಾಗಿದ್ದರೆ ಅದಂತೂ ಆಪರೇಷನ್ ದಿನದವರೆಗೆ ಕಾಯೋ ವಿಷಯ ಅಲ್ಲ, ಇವತ್ತೇ ಹೇಳಿ.

ಟಿಕ್ ಟಿಕ್ ವಾಲ್ವ್

ಸದ್ದು ಚೆನ್ನಾಗಿದೆ ಮೇಡಂ, ಪಕ್ಕದಲ್ಲಿ ಮಲಗಿದವರ ನಿದ್ದೆ ಕೆಡಿಸುವಷ್ಟು. ಪಟ್ಟಿ ಬರೆದುಕೊಂಡೆ. ತುಂಬಾ ಉಪಕಾರ.

ಪಿಜಿ ಎರಡನೇ ವರ್ಷ

ಒಂದೇ ಒಂದು ಉಳಿದಿದೆ. ನನ್ನ ಕೇಸ್‌ನ ಆ ಹೆಂಗಸನ್ನು ಎಬ್ಬಿಸೋದು ಹೇಗೆ? ಸ್ನಾಯು ಸಡಿಲಿಕೆ ತೆಗೆಯೋಕೆ ನಿಯೊಸ್ಟಿಗ್ಮಿನ್ ಜೊತೆ ಗ್ಲೈಕೊಪೈರೊಲೇಟ್ ಕೊಟ್ಟರೆ ರೇಟ್ ಮತ್ತೆ ಹಾರುತ್ತಲ್ಲ?

ಬಾಯ್ಲ್ಸ್ ಕಾಲದವ

ಹಾರುತ್ತೆ. ಕೊಡಲೇಬೇಕಾದರೆ ನಿಧಾನವಾಗಿ ಕೊಡಿ, ಎಸ್ಮೊಲಾಲ್ ಸಿರಿಂಜ್ ಕೈಯಲ್ಲಿರಲಿ. ಅಟ್ರೊಪಿನ್‌ಗಿಂತ ಗ್ಲೈಕೊಪೈರೊಲೇಟ್ ಮೇಲು. ಸ್ನಾಯು ಸಡಿಲಿಸೋಕೆ ರೊಕ್ಯುರೋನಿಯಂ ಕೊಟ್ಟಿದ್ದರೆ ಸುಗಮಡೆಕ್ಸ್‌ನಲ್ಲಿ ಈ ತಾಪತ್ರಯ ಇಲ್ಲ, ಆದರೆ ಅದರಲ್ಲಿ ರೇಟ್ ಇಳಿಯಬಹುದು, ಅಪರೂಪಕ್ಕೆ ತೀರಾ ಇಳಿಯಬಹುದು. ಅದು ಸೋರುವ ವಾಲ್ವಿನವರಿಗೆ ಹೆಚ್ಚು ತೊಂದರೆ, ನಿಮ್ಮ ರೋಗಿಗೆ ಅಷ್ಟಿಲ್ಲ. ನೋವು ಎಚ್ಚರವಾಗೋ ಮುಂಚೆಯೇ ತಗ್ಗಿರಬೇಕು, ಮೈ ಬೆಚ್ಚಗಿರಬೇಕು. ನಡುಗಿದರೂ ರೇಟ್ ಏರುತ್ತೆ.

ವಾರ್ಡಿಗೆ ಕಳಿಸುವಾಗ ಮೆಟೊಪ್ರೊಲಾಲ್ ಮುಂದಿನ ಡೋಸ್ ಎಷ್ಟು ಗಂಟೆಗೆ ಅನ್ನೋದು ಚೀಟಿಯಲ್ಲಿ ಬರೆದಿರಬೇಕು. ಬಾಯಲ್ಲಿ ತಗೊಳ್ಳೋಕಾಗದಿದ್ದರೆ ಇಂಜೆಕ್ಷನ್ ಯಾವುದು ಅನ್ನೋದೂ. "ಆಹಾರ ನೀರು ಬೇಡ" ಅನ್ನೋ ಒಂದು ಸಾಲಿಗೆ ಎರಡು ದಿನ ಬೀಟಾ ಬ್ಲಾಕರ್ ತಪ್ಪಿಹೋಗಿ ರೇಟ್ 160 ಆಗೋದುಂಟು, ಅಷ್ಟು ಹೊತ್ತಿಗೆ ನಾವ್ಯಾರೂ ಪಕ್ಕದಲ್ಲಿರಲ್ಲ.

ಎಕೋ ಮೇಷ್ಟ್ರು

ಅದೇ ಚೀಟಿಯಲ್ಲಿ ವಾರ್ಫರಿನ್ ಯಾವ ದಿನ ಮತ್ತೆ ಶುರು ಅನ್ನೋದನ್ನೂ ಬರೆಯಿರಿ. ಪಿಜಿ ಅವರ ಈ ರೋಗಿಗೂ ಹೊಸ ಮಾತ್ರೆ ಬೇಡ; ರುಮ್ಯಾಟಿಕ್ ಹೃದಯ ಕಾಯಿಲೆಯ ಎಎಫ್‌ನಲ್ಲಿ ರಿವರಾಕ್ಸಬಾನ್‌ಗಿಂತ ವಾರ್ಫರಿನ್ ಥರದ ಔಷಧಿಯೇ ಮೇಲು ಅಂತ 2022ರ ಇನ್‌ವಿಕ್ಟಸ್ ಅಧ್ಯಯನದಲ್ಲಿ ಕಂಡಿದೆ, ಸಾವೂ ಕಡಿಮೆ ಇತ್ತು.

ಓಟಿ ಟೆಕ್

ಪ್ಯಾಡ್ ಕಿತ್ತು ಬಿಸಾಡೋ ಅವಸರ ಬೇಡ ಪಿಜಿ ಸರ್. ರಿಕವರಿ ದಾಟೋವರೆಗೂ ಎದೆ ಮೇಲೇ ಇರಲಿ, ಸಾಗಿಸುವಾಗಲೂ ಡಿಫಿಬ್ ಮಂಚದ ಜೊತೆಗೇ ಬರಲಿ.